ಟೆಕ್ಸ್‌ಮ್ಯಾಕ್ಸ್‌ಗೆ ಒತ್ತಕ್ಷರ ಕಲಿಸುವ ಕೆಲಸ: ಮುಂದಿನ ಆರು ತಿಂಗಳ ಲೆಕ್ಕಾಚಾರ

ಕಳೆದ ವಾರ ಅಪ್ಪನಿಗೆ ಗಣಿತದ ಬರಹ ಟೈಪ್ ಮಾಡಿ ಜೋಡಿಸುವ ತಂತ್ರಾಂಶ ಟೆಕ್ಸ್‌ಮ್ಯಾಕ್ಸ್ ತೋರಿಸಿದೆ. ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಈಗಲೂ ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರಶ್ನೆಪತ್ರಿಕೆ ಮಾಡಿಕೊಡುತ್ತಾರೆ. ಭಿನ್ನರಾಶಿ, ವರ್ಗಮೂಲದ ಚಿಹ್ನೆ ಎಲ್ಲ ಟೈಪ್ ಮಾಡಿದ ಹಾಗೇ ಅಚ್ಚಾದ ಪುಸ್ತಕದಂತೆ ತೆರೆಯ ಮೇಲೆ ಮೂಡೋದು ನೋಡಿ ಖುಷಿಪಟ್ಟರು. ಆಮೇಲೆ ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು ‘ಸೂತ್ರ’ ಅಂತ ಟೈಪ್ ಮಾಡಿದರು. ಬಂದಿದ್ದು ಸೂ, ಆಮೇಲೆ ತ, ಅದರ ಪಕ್ಕ ಒಂಟಿಯಾಗಿ ತೇಲುವ ಕೊಂಡಿ, ಕೊನೆಗೆ ಇಡೀ ರ.

‘ಇದೇನೋ, ಒತ್ತು ಎಲ್ಲೋ?’ ಅಂದರು.

ಅವತ್ತು ರಾತ್ರಿಯೇ, ಅದಕ್ಕೆ ಏನೇನು ಸೇರಿಸಬೇಕು ಅಂತ ಬರೆದಿಟ್ಟುಕೊಂಡಿದ್ದ ನನ್ನ ಹಳೆಯ ಪಟ್ಟಿ ಹರಿದೆ. ಕಪ್ಪು ಥೀಮ್, ಗ್ರಂಥಸೂಚಿಗೆ ಹೊಸ ಕಿಟಕಿ, ಇನ್ನೂ ಏನೇನೋ ಇತ್ತು. ಎಲ್ಲ ಆಮೇಲೆ. ಮೊದಲು ಒತ್ತಕ್ಷರ.

ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸ್‌ಮ್ಯಾಕ್ಸ್ ಗ್ನೂ ಯೋಜನೆಯ ಮುಕ್ತ ತಂತ್ರಾಂಶ. ಶುರು ಮಾಡಿದವರು ಗಣಿತಜ್ಞ ಯೋರಿಸ್ ವಾನ್ ಡರ್ ಹೂವೆನ್. 2019ರಲ್ಲಿ ಡೇವಿಡ್ ಹಾರ್ವೆ ಜೊತೆ ಸೇರಿ ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸುವ ವಿಧಾನ ಕಂಡುಹಿಡಿದರಲ್ಲ, ಅವರೇ. ಹೆಸರಿನಲ್ಲಿ ಟೆಕ್ (ಅಚ್ಚು ಜೋಡಿಸುವ ತಂತ್ರಾಂಶ), ಇಮ್ಯಾಕ್ಸ್ (ಪಠ್ಯ ಸಂಪಾದಕ) ಎರಡೂ ಇದ್ದರೂ ಒಳಗೆ ಎರಡೂ ಇಲ್ಲ. ಅಕ್ಷರ ಜೋಡಿಸುವ ಎಂಜಿನ್ ಅದರದ್ದೇ, ಸಿ++ನಲ್ಲಿ ಬರೆದದ್ದು. ತೊಂದರೆ ಇರೋದೂ ಅಲ್ಲೇ. ಇಂಥದ್ದೇ ಇನ್ನೊಂದು ತಂತ್ರಾಂಶ ಲಿಕ್ಸ್ ಆದರೆ ಕಡತವನ್ನು ಟೆಕ್ ಬಳಗದ ಲೇಟೆಕ್‌ಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ. ಅಲ್ಲಿ ಝೀಟೆಕ್ ಅನ್ನೋ ಎಂಜಿನ್ ಕನ್ನಡವನ್ನು ಚೆನ್ನಾಗಿಯೇ ಜೋಡಿಸುತ್ತದೆ. ಆದರೆ ಅಚ್ಚಿನ ರೂಪ ನೋಡೋಕೆ ಪಿಡಿಎಫ್ ಆಗುವ ತನಕ ಕಾಯಬೇಕು. ಅಪ್ಪನಿಗೆ ಅಷ್ಟು ತಾಳ್ಮೆ ಇಲ್ಲ.

ಹಾಗಾಗಿ ಅಕ್ಷರ, ಒತ್ತುಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ತಂದು ಜೋಡಿಸೋದು ಅಂತ ತೀರ್ಮಾನ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರಲ್ಲೂ ಕನ್ನಡ ನೆಟ್ಟಗೆ ಕಾಣಿಸೋದಕ್ಕೆ ಈ ಲೈಬ್ರರಿಯೇ ಕಾರಣ. (ಹೆಸರು ಪರ್ಷಿಯನ್ನಿನದು. ‘ಓಪನ್‌ಟೈಪ್’ ಅನ್ನೋ ಫಾಂಟ್ ಮಾದರಿಯ ಹೆಸರಿನ ಅನುವಾದವಂತೆ. ಚೆನ್ನಾಗಿದೆ ಅಲ್ವಾ?)

ಭಾನುವಾರ ಅದನ್ನು ಬೇರೆಯಾಗಿಯೇ ಒಂದು ಪುಟ್ಟ ಪ್ರೋಗ್ರಾಮಿನಲ್ಲಿ ಓಡಿಸಿ ನೋಡಿದೆ. ಕೊಟ್ಟ ಪದ ‘ತ್ರಿಜ್ಯ’. ಒಳಗೆ ಹೋದದ್ದು 7 ಯುನಿಕೋಡ್ ಸಂಕೇತ: ತ, ವಿರಾಮ (ಅಪ್ಪನಿಗೆ ಒಂಟಿಯಾಗಿ ಕಂಡ ಕೊಂಡಿ), ರ, ಗುಡಿಸು, ಜ, ವಿರಾಮ, ಯ. ಹೊರಗೆ ಬಂದದ್ದು 4 ಆಕಾರ: ತಿ, ರ ಒತ್ತು, ಜ, ಯ ಒತ್ತು. ಯಾವ ಆಕಾರ ಯಾವ ಗುಂಪಿನದು ಅನ್ನೋದನ್ನೂ ಅದೇ ಹೇಳುತ್ತದೆ. ತ್ರಿ ಒಂದು, ಜ್ಯ ಒಂದು. ನನಗೆ ಬೇಕಾಗಿದ್ದೇ ಅದು.

ಯಾಕೆಂದರೆ ಬರೀ ಚಿತ್ರ ಬಿಡಿಸಿದರೆ ಸಾಲದು, ಕರ್ಸರ್ ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಿರಬೇಕು. ಸಾಲಿನ ಪ್ರತಿ ಅಕ್ಷರ ಎಡದಿಂದ ಎಷ್ಟು ದೂರ ಅಂತ ಹೇಳುವ ಒಂದು ಫಂಕ್ಷನ್ ಟೆಕ್ಸ್‌ಮ್ಯಾಕ್ಸ್‌ನ ಫಾಂಟ್ ಕೋಡಿನಲ್ಲಿದೆ. ಒಂದು ಸಂಕೇತಕ್ಕೆ ಒಂದು ಜಾಗ ಅನ್ನೋದು ಅದರ ನಂಬಿಕೆ. ‘ವರ್ಗ’ ಬಂದರೆ ಆ ನಂಬಿಕೆ ಕುಸಿಯುತ್ತದೆ. ಟೈಪ್ ಮಾಡುವಾಗ ರ ಮೊದಲು, ಗ ಆಮೇಲೆ. ತೆರೆಯ ಮೇಲೆ ಗ ಮೊದಲು, ಅರ್ಕಾವತ್ತು ಆಮೇಲೆ. ನಡುವೆ ಕರ್ಸರ್ ನಿಲ್ಲಿಸೋದು ಎಲ್ಲಿ? ನಿಲ್ಲಿಸೋದೇ ಬೇಡ ಅಂತ ಸದ್ಯದ ಉತ್ತರ. ಬಾಣದ ಕೀ ಇಡೀ ಅಕ್ಷರ ದಾಟಲಿ. ಬ್ಯಾಕ್‌ಸ್ಪೇಸ್ ಮಾತ್ರ ಕೊನೆಯ ಒಂದು ಸಂಕೇತವನ್ನೇ ಅಳಿಸಲಿ. ಒತ್ತು ತಪ್ಪಾಗಿದ್ದಕ್ಕೆ ಇಡೀ ‘ಸ್ತ್ರೀ’ ಅಳಿಸಿ ಮತ್ತೆ ಕುಟ್ಟೋದು ಯಾರಿಗೂ ಬೇಡ.

ಇನ್ನೊಂದು ಗಂಟು ‘ರ‍್ಯಾಂಕ್’. ಇಲ್ಲಿ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಬಿದ್ದುಹೋದರೆ ರ ಹೋಗಿ ಅರ್ಕಾವತ್ತಾಗುತ್ತದೆ. ಸಾಲದ್ದಕ್ಕೆ ಟೆಕ್ಸ್‌ಮ್ಯಾಕ್ಸ್ ಒಂದೊಂದು ಅಕ್ಷರಕ್ಕೂ ಯಾವ ಫಾಂಟ್ ಸರಿ ಅಂತ ನೋಡಿ ಸಾಲನ್ನು ತುಂಡು ಮಾಡುತ್ತದೆ. ಕಾಣದ ಸಂಕೇತ ಇಂಗ್ಲಿಷ್ ಫಾಂಟಿನ ಪಾಲಿಗೆ ಹೋದರೆ ಹಾರ್ಫ್‌ಬಜ್‌ಗೆ ಸಿಗೋದು ಅರ್ಧ ಪದ. ಆದ್ದರಿಂದ ಮೊದಲು ಮುಟ್ಟೋದು ಈ ತುಂಡು ಮಾಡುವ ಜಾಗವನ್ನು, ಆಮೇಲೆ ಕರ್ಸರ್. ಪಿಡಿಎಫ್ ಕೊನೆಗೆ. ಅಲ್ಲಿಂದ ಕಾಪಿ ಮಾಡಿದರೆ ‘ಸೂತ್ರ’ ಅನ್ನೋದು ‘ಸೂತ್ರ’ ಆಗಿಯೇ ಬರಬೇಕು, ಅದು ಬೇರೆಯೇ ತಲೆನೋವು.

ಟೆಕ್ಸ್‌ಮ್ಯಾಕ್ಸ್‌ನಲ್ಲಿ ಸ್ಕೀಮ್ ಭಾಷೆಯಲ್ಲಿ ಬರೆದ ಭಾಗಕ್ಕೆ ಸದ್ಯ ಕೈ ಹಾಕಲ್ಲ. ಟೆಕ್ಸ್‌ಮ್ಯಾಕ್ಸ್‌ನಿಂದ ಕವಲೊಡೆದ ಮೊಗಾನ್‌ನವರು ಸ್ಕೀಮ್ ಓಡಿಸುವ ಹಳೆಯ ಗೈಲ್ ಬಿಟ್ಟು ಅದೇ ಕೆಲಸದ ಎಸ್7 ಕಡೆ ಹೋದರು. ಆಸೆಯೇನೋ ಆಗುತ್ತದೆ. ಆದರೆ ಇರೋದು ವಾರಕ್ಕೆ ಒಂದು ಭಾನುವಾರ.

ಪರೀಕ್ಷೆಗೆ ಪದಗಳನ್ನು ಅಪ್ಪನೇ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಟ್ಟಿದ್ದಾರೆ: ಸೂತ್ರ, ವರ್ಗ, ತ್ರಿಜ್ಯ, ಕೋಷ್ಟಕ, ನಿರ್ದೇಶಾಂಕ, ರ‍್ಯಾಂಕ್. ಕೊನೆಯಲ್ಲಿ ‘ಲಕ್ಷ್ಮಿ’ ಅಂತಲೂ ಇದೆ. ಗಣಿತಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಿದೆ. ‘ನಿಮ್ಮಮ್ಮನ ಹೆಸರು ಕಣೋ, ಅದು ಸರಿಯಾಗಿ ಬರಲಿ ಮೊದಲು’ ಅಂದರು.