ರಿಪೋರ್ಟುಗಳೆಲ್ಲ ನಾರ್ಮಲ್, ತಲೆ ಮಾತ್ರ ಭಾರ

ಬೆಳಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ನನ್ನ ತಲೆ ಹಗುರವಾಗಿಯೇ ಇರುತ್ತದೆ. ಸ್ನಾನ, ತಿಂಡಿ ಮುಗಿಸಿ ಕೆಲಸಕ್ಕೆ ಹೊರಡುವ ವೇಳೆಗೆ ಹಣೆಯಿಂದ ನೆತ್ತಿಯವರೆಗೆ ಬಿಗಿಯಾದ ಪೇಟ ಸುತ್ತಿದಂತಹ ಒತ್ತಡ ಶುರುವಾಗುತ್ತದೆ. ಅದರೊಂದಿಗೇ ನಿಂತಲ್ಲಿ ದೇಹ ತುಸು ತೂಗಾಡುತ್ತಿದೆ, ಕಾಲು ನೆಲಕ್ಕೆ ಪೂರ್ತಿ ಊರುತ್ತಿಲ್ಲ ಎಂದು ಅನ್ನಿಸತೊಡಗುತ್ತದೆ. ಕೋಣೆ ಗಿರ್ರನೆ ತಿರುಗುವುದಿಲ್ಲ, ವಾಂತಿಯಾಗುವುದಿಲ್ಲ, ಇದುವರೆಗೆ ಎಲ್ಲಿಯೂ ಬಿದ್ದಿಲ್ಲ. ಸಂಜೆಗೆ ಜಾಸ್ತಿ, ಮಲಗಿದರೆ ಕಡಿಮೆ. ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋದ ನಂತರ ಆರಂಭವಾದ ಈ ಸ್ಥಿತಿ ಹಲವು ವರ್ಷಗಳಿಂದ ಹೀಗೆಯೇ ಮುಂದುವರಿದಿದೆ. ಇದಕ್ಕೆ ಇಂಥದ್ದೇ ಕಾರಣ ಎಂದು ಯಾವ ವೈದ್ಯರೂ ಖಚಿತವಾಗಿ ಹೇಳಿಲ್ಲ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವಾದ್ದರಿಂದ ಹೇಗೋ ನಡೆಯುತ್ತದೆ, ಆದರೆ ಆಗಾಗ ಗೋದಾಮಿನ ಒಳಗೂ ಹೋಗಬೇಕಾಗುತ್ತದೆ. ಅಲ್ಲಿ ಸಿಪ್ಪೆ ತೆಗೆದು, ಜರಡಿಯಲ್ಲಿ ಗಾತ್ರದ ಪ್ರಕಾರ ಬೇರ್ಪಟ್ಟ ಬೀಜಗಳು ಓಡುವ ಪಟ್ಟಿಯ ಮೇಲೆ ಬರುತ್ತಿರುತ್ತವೆ. ಎರಡೂ ಬದಿಯಲ್ಲಿ ಕುಳಿತ ಹೆಂಗಸರು ಕಪ್ಪಾದದ್ದನ್ನೂ ಮುರಿದದ್ದನ್ನೂ ಬೆರಳ ತುದಿಯಲ್ಲಿ ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಅವರು ಇಡೀ ದಿನ ನೋಡುವ ಆ ಪಟ್ಟಿಯನ್ನು ನಾನು ಎರಡು ನಿಮಿಷ ನೋಡಿದರೆ ಬೀಜಗಳು ನಿಂತಂತಾಗಿ, ನಾನೇ ಹಿಂದಕ್ಕೆ ಸರಿಯುತ್ತಿರುವಂತೆ ಭಾಸವಾಗುತ್ತದೆ. ಕೈ ತಾನಾಗಿಯೇ ಹತ್ತಿರದ ಮೂಟೆಯನ್ನು ಹಿಡಿದುಕೊಳ್ಳುತ್ತದೆ. ಈ ಭ್ರಮೆ ಆರೋಗ್ಯವಂತರಿಗೂ ಆಗುವಂಥದ್ದೇ, ಪಕ್ಕದ ಹಳಿಯ ರೈಲು ಹೊರಟಾಗ ನಮ್ಮದೇ ಹೊರಟಿತೆಂದು ಅನ್ನಿಸುವುದು ಎಲ್ಲರಿಗೂ ಗೊತ್ತಿದೆ. ನನಗೆ ಅದು ಬಹಳ ಬೇಗ ಬರುತ್ತದೆ, ಬಂದದ್ದು ಸಂಜೆಯವರೆಗೂ ಹೋಗುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಪರೀಕ್ಷೆಗಳ ವಿಷಯಕ್ಕೆ ಬಂದರೆ, ಮಾಡಿಸಬೇಕಾದ ಯಾವುದನ್ನೂ ಬಿಟ್ಟಿಲ್ಲ. ಮೊದಲು ನೋಡಿದ ವೈದ್ಯರು ನನ್ನನ್ನು ಮಲಗಿಸಿ ರಕ್ತದೊತ್ತಡ ಅಳೆದರು, ನಂತರ ಎಬ್ಬಿಸಿ ನಿಲ್ಲಿಸಿ, ತೋಳಿನ ಪಟ್ಟಿಯನ್ನು ಬಿಚ್ಚದೆಯೇ ಮತ್ತೆ ಅಳೆದರು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಬವಳಿ ಬರುವುದಕ್ಕೆ ಅದೇ ಕಾರಣವಿರಬಹುದಂತೆ, ನನ್ನದು ಇಳಿಯಲಿಲ್ಲ. ಕಿವಿ, ಮೂಗು, ಗಂಟಲಿನ ತಜ್ಞರು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ, ಅದು ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯುವಂತೆ ಥಟ್ಟನೆ ಮಲಗಿಸಿ ನನ್ನ ಕಣ್ಣುಗುಡ್ಡೆಗಳನ್ನೇ ದಿಟ್ಟಿಸಿದರು. ಒಳಕಿವಿಯಲ್ಲಿನ ಸಣ್ಣ ಸುಣ್ಣದ ಹರಳುಗಳು ಜಾಗ ತಪ್ಪಿ ಅರ್ಧವೃತ್ತಾಕಾರದ ನಾಳಗಳಿಗೆ ಸೇರಿಕೊಂಡಿದ್ದರೆ ಆ ಭಂಗಿಯಲ್ಲಿ ಕಣ್ಣುಗಳು ಲಯಬದ್ಧವಾಗಿ ಅದುರುತ್ತವೆ. ನನ್ನ ಕಣ್ಣು ಅದುರಲಿಲ್ಲ. ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ ಎಲ್ಲವೂ ಮಿತಿಯೊಳಗಿದ್ದವು. ಕೊನೆಗೆ ತಲೆಯ ಎಂಆರ್‌ಐ ಕೂಡ ಆಯಿತು. ಗಡ್ಡೆಯಿಲ್ಲ, ರಕ್ತಸ್ರಾವದ ಗುರುತಿಲ್ಲ.

ಇವುಗಳಲ್ಲಿ ನನಗೆ ನಿಜವಾದ ನೆಮ್ಮದಿ ಕೊಟ್ಟದ್ದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ತಲೆಯೊಳಗೆ ಒತ್ತಡವಿದೆ ಎಂದು ಅನ್ನಿಸುವವರಿಗೆ ಸಹಜವಾಗಿಯೇ ಬುರುಡೆಯೊಳಗೆ ಒತ್ತಡ ಏರಿರಬಹುದೆಂಬ ಭಯ ಬರುತ್ತದೆ. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ, ಅಕ್ಷಿಪಟಲದಲ್ಲಿ ದೃಷ್ಟಿನರ ಆರಂಭವಾಗುವ ಜಾಗವನ್ನು ನೋಡಿ, ಅಲ್ಲಿ ಊತವಿಲ್ಲ, ಅಂಚು ಸ್ಪಷ್ಟವಾಗಿದೆ ಎಂದರು. ಒಳಗಿನ ಒತ್ತಡ ಹೆಚ್ಚಿದ್ದರೆ ಸಾಮಾನ್ಯವಾಗಿ ಆ ನರದ ತಲೆ ಊದಿಕೊಳ್ಳುತ್ತದೆ, ತಲೆನೋವು ಮಲಗಿದಾಗ ಹೆಚ್ಚುತ್ತದೆ, ಬಗ್ಗಿದಾಗ ದೃಷ್ಟಿ ಕ್ಷಣಕಾಲ ಮಸುಕಾಗುತ್ತದೆ. ನನಗೆ ಮಲಗಿದಾಗಲೇ ಆರಾಮ. ಮಿದುಳಿನ ಅಂಗಾಂಶಕ್ಕೆ ಸ್ವತಃ ನೋವಿನ ಅರಿವಿಲ್ಲ, ಅದರ ಹೊದಿಕೆ, ರಕ್ತನಾಳ, ನೆತ್ತಿ ಮತ್ತು ಕುತ್ತಿಗೆಯ ಸ್ನಾಯುಗಳಿಗೆ ಇದೆ ಎಂಬುದನ್ನೂ ಅವರೇ ವಿವರಿಸಿದರು. ಒತ್ತಡದ ಅನುಭವ ಬೇರೆ, ಒತ್ತಡವೇ ಬೇರೆ ಎಂದು ತಿಳಿದ ಮೇಲೆ ರಾತ್ರಿಯ ನಿದ್ದೆ ಸುಧಾರಿಸಿತು, ಹಗಲಿನ ಭಾರ ಹಾಗೆಯೇ ಉಳಿಯಿತು.

ವೈದ್ಯರಿಗೆ ಸಿಗದ ಕಾರಣ ಊರಿನವರಿಗೆ ಕ್ಷಣದಲ್ಲಿ ಸಿಗುತ್ತದೆ. ಅಮ್ಮನ ಪ್ರಕಾರ ಇದು ಪಿತ್ತ, ಇಲ್ಲದಿದ್ದರೆ ದೃಷ್ಟಿ. ಅವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾರೆ, ಕೊತ್ತಂಬರಿ ಬೀಜದ ಕಷಾಯವನ್ನೂ ಕುಡಿಸಿದ್ದಾರೆ. ಕಷಾಯ ರುಚಿಯಾಗಿತ್ತು, ಆ ಮಾತು ಬೇರೆ. ಪಕ್ಕದ ಮನೆಯವರು ಗ್ಯಾಸ್ ಎನ್ನುತ್ತಾರೆ. ಬೆಟ್ಟದ ಊರಿನ ಎತ್ತರದಿಂದ ಹೀಗಾಗುತ್ತದೆ ಎಂದವರೂ ಇದ್ದಾರೆ, ಆದರೆ ನಮ್ಮ ಊರಿರುವುದು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ತುದಿಯೇ 1,900 ಮೀಟರನ್ನು ಸ್ವಲ್ಪ ದಾಟುತ್ತದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿನ ಆಚೆ. ಎಲ್ಲಕ್ಕಿಂತ ಜನಪ್ರಿಯವಾದದ್ದು ಸರ್ವೈಕಲ್. ಕುತ್ತಿಗೆಯ ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪ ಸವೆದಿರುವುದು ಕಂಡರೆ ಸಾಕು, ಕಾಲರ್ ಪಟ್ಟಿ ಕೊಳ್ಳಿ ಎನ್ನುವವರು ಬೇಕಾದಷ್ಟು ಜನ. ವಯಸ್ಸಾದಂತೆ ಯಾವ ತೊಂದರೆಯೂ ಇಲ್ಲದವರ ಎಕ್ಸ್‌ರೇಯಲ್ಲೂ ಇಂತಹ ಸವೆತ ಕಾಣುತ್ತದೆಂದು ನರರೋಗ ತಜ್ಞರು ಹೇಳಿದ ಮೇಲೆ ನಾನು ಆ ಪಟ್ಟಿಯ ಗೊಡವೆಗೆ ಹೋಗಲಿಲ್ಲ.

ಅದೇ ತಜ್ಞರು ನನ್ನ ಮುಂದೆ ಎರಡು ಸಾಧ್ಯತೆಗಳನ್ನು ಇಟ್ಟಿದ್ದಾರೆ. ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು ದಿನ ಬರುವ, ಒತ್ತಿದಂತಹ, ಬಿಗಿದಂತಹ ತಲೆನೋವನ್ನು ದೀರ್ಘಕಾಲೀನ ಟೆನ್ಷನ್ ಮಾದರಿಯ ತಲೆನೋವು ಎನ್ನುತ್ತಾರೆ. ನನ್ನ ಭಾರ ಬಹುಮಟ್ಟಿಗೆ ಅದಕ್ಕೆ ಹೊಂದುತ್ತದೆ. ತೂಗಾಟಕ್ಕೆ ಹೊಂದುವುದು ಪಿಪಿಪಿಡಿ (ಪರ್ಸಿಸ್ಟೆಂಟ್ ಪೋಶ್ಚರಲ್ ಪರ್ಸೆಪ್ಚುವಲ್ ಡಿಜಿನೆಸ್, ಅಂದರೆ ಬಿಡದೆ ಉಳಿಯುವ ಒಂದು ಬಗೆಯ ತೂಗಾಟ) ಎಂಬ ಇನ್ನೊಂದು ಸ್ಥಿತಿ. ಇದರ ರೋಗನಿರ್ಣಯದ ಮಾನದಂಡಗಳನ್ನು ಬಾರಾನಿ ಸೊಸೈಟಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಪ್ರಕಟಿಸಿತು. ನಮ್ಮ ಸಮತೋಲನ ಒಳಕಿವಿ, ಕಣ್ಣು, ಮತ್ತು ಪಾದ, ಕೀಲು, ಸ್ನಾಯುಗಳಿಂದ ಬರುವ ಸುದ್ದಿಗಳನ್ನು ಮಿದುಳು ಹೊಂದಿಸಿಕೊಳ್ಳುವುದರಿಂದ ನಿಲ್ಲುತ್ತದೆ. ಒಳಕಿವಿಯ ಸೋಂಕೋ, ಮೈಗ್ರೇನೋ, ತೀವ್ರ ಆತಂಕವೋ ಆ ಹೊಂದಾಣಿಕೆಯನ್ನು ಕೆಡಿಸಿದಾಗ ಮಿದುಳು ತಾತ್ಕಾಲಿಕವಾಗಿ ಕಣ್ಣನ್ನು ಹೆಚ್ಚು ನೆಚ್ಚಿಕೊಂಡು, ಪ್ರತಿ ಹೆಜ್ಜೆಯನ್ನೂ ಕಾವಲು ಕಾಯುತ್ತದೆ. ಮೂಲ ಕಾರಣ ಹೋದ ಮೇಲೂ ಕೆಲವರಲ್ಲಿ ಆ ಕಾವಲು ನಿಲ್ಲುವುದಿಲ್ಲ. ಆದ್ದರಿಂದಲೇ ನಿಂತಾಗ, ಓಡಾಡಿದಾಗ, ಚಲಿಸುವ ಅಥವಾ ಕಿಕ್ಕಿರಿದ ದೃಶ್ಯವನ್ನು ನೋಡಿದಾಗ ತೊಂದರೆ ಹೆಚ್ಚುತ್ತದೆ. ಇದು ಎಂಆರ್‌ಐಯಲ್ಲಿ ಕಾಣುವಂಥದ್ದಲ್ಲ. ಆ ಮಳೆಗಾಲದ ಜ್ವರವೇ ನನ್ನಲ್ಲಿ ಇದನ್ನು ಆರಂಭಿಸಿತೇ ಎಂದು ಕೇಳಿದ್ದಕ್ಕೆ, ಇರಬಹುದು, ಆದರೆ ಈಗ ಸಾಬೀತುಪಡಿಸಲು ದಾರಿಯಿಲ್ಲ ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಕಿಕ್ಕಿರಿದ ದೃಶ್ಯ ಎಂದಾಗ ನನಗೆ ನೆನಪಾಗುವುದು ಹಳೇಬೀಡು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಬೆಂಗಳೂರಿನ ನೆಂಟರು ಬಂದಾಗಲೆಲ್ಲ ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬರುತ್ತಿದೆ. ಹೊಯ್ಸಳೇಶ್ವರನ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆಗಳ ಸಾಲು, ಇನ್ನೂ ಮೇಲೆ ಪುರಾಣದ ಕಥೆಗಳು. ಒಂದಂಗುಲವೂ ಖಾಲಿ ಬಿಡದ, ಮೂಲೆಮೂಲೆಗೂ ಮುರಿದು ಮುಂದುವರಿಯುವ ಆ ಗೋಡೆಯ ಪಕ್ಕದಲ್ಲಿ ನಡೆಯುತ್ತ ನೋಡಿದರೆ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ತಲೆ ದಿಮ್ಮೆನ್ನುತ್ತದೆ. ನಾನೀಗ ನಡೆಯುವಾಗ ಗೋಡೆಯನ್ನು ನೋಡುವುದಿಲ್ಲ, ಗೋಡೆಯನ್ನು ನೋಡುವಾಗ ನಡೆಯುವುದಿಲ್ಲ. ಒಂದೆಡೆ ನಿಂತು, ಒಂದೇ ಆನೆಯ ಸೊಂಡಿಲನ್ನೋ ಅಂಕುಶವನ್ನೋ ಸಾವಧಾನವಾಗಿ ನೋಡಿ, ನಂತರ ದೂರದ ಮರಗಳ ಕಡೆ ಕಣ್ಣು ಹೊರಳಿಸಿ ಮುಂದಕ್ಕೆ ಹೋಗುತ್ತೇನೆ. ಗೈಡುಗಳಿಗೆ ಇದು ಸ್ವಲ್ಪ ಕಿರಿಕಿರಿ.

ಚಿಕಿತ್ಸೆಯಲ್ಲಿ ಗುಳಿಗೆಗಿಂತ ಶಿಸ್ತೇ ಹೆಚ್ಚು. ತಜ್ಞರು ಮೊದಲು ಕೇಳಿದ್ದು ತಿಂಗಳಿಗೆ ಎಷ್ಟು ನೋವಿನ ಮಾತ್ರೆ ನುಂಗುತ್ತೀರಿ ಎಂದು. ಪ್ಯಾರಾಸಿಟಮಾಲ್‌ನಂತಹ ಸಾಮಾನ್ಯ ಮಾತ್ರೆಯನ್ನೂ ತಿಂಗಳುಗಟ್ಟಲೆ, ತಿಂಗಳಿಗೆ 15 ದಿನ ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವು ತರಬಲ್ಲದು. ತಲೆಸುತ್ತಿಗೆ ಕೊಡುವ, ನರಗಳನ್ನು ಮಂದಗೊಳಿಸುವ ಮಾತ್ರೆಗಳು ತೀವ್ರವಾದ ಕೆಲವು ದಿನಗಳಿಗೆ ಸರಿ, ದೀರ್ಘಕಾಲ ಮುಂದುವರಿಸಿದರೆ ಮಿದುಳು ಹೊಸ ಹೊಂದಾಣಿಕೆಯನ್ನು ಕಲಿಯುವುದಕ್ಕೇ ಅಡ್ಡಿ. ಪಿಪಿಪಿಡಿಗೆ ಆತಂಕ, ಖಿನ್ನತೆಗೆ ಬಳಸುವ ಕೆಲವು ಔಷಧಗಳನ್ನೂ ಕೊಡುವುದುಂಟು. ನನಗೂ ಕಡಿಮೆ ಪ್ರಮಾಣದಲ್ಲಿ ಒಂದನ್ನು ಕೊಟ್ಟಿದ್ದಾರೆ. ಅದನ್ನು ಕೇಳಿ ಹುಚ್ಚಿನ ಮಾತ್ರೆಯೇ ಎಂದು ಹುಬ್ಬೇರಿಸಿದ ನೆಂಟರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಇನ್ನು ಕಾಫಿ: ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಒಂದು ದಿನದೊಳಗೇ ತಲೆನೋವು ಬರುತ್ತದೆ, ಆದ್ದರಿಂದ ಬಿಡುವುದಕ್ಕಿಂತ ದಿನವೂ ಅಷ್ಟೇ ಅಳತೆ, ಅದೇ ಹೊತ್ತು ಎಂಬ ಒಪ್ಪಂದಕ್ಕೆ ಬಂದಿದ್ದೇನೆ. ಕಾಫಿಯ ಧೂಳನ್ನೇ ಉಸಿರಾಡುವ ಕಚೇರಿಯಲ್ಲಿ ಕೂತು ಕಾಫಿ ಬಿಡುವುದು ಹೇಗೂ ಆಗದ ಮಾತು.

ಹೆಚ್ಚು ಉಪಯೋಗವಾಗಿರುವುದು ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ. ಕೈ ಚಾಚಿ, ಹೆಬ್ಬೆರಳಿನ ಉಗುರನ್ನೇ ನೋಡುತ್ತ, ಅದು ಮಸುಕಾಗದಷ್ಟು ವೇಗದಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಆರಂಭದಲ್ಲಿ ಇದರಿಂದ ತೂಗಾಟ ಹೆಚ್ಚುತ್ತದೆ, ಹೆಚ್ಚಬೇಕು ಕೂಡ. ಅದು ಬೇಗ ತಿಳಿಯಾಗುವಷ್ಟರ ಮಿತಿಯಲ್ಲಿದ್ದರೆ ಸರಿ. ಸಂಜೆ ರತ್ನಗಿರಿ ಬೋರೆಯ ಉದ್ಯಾನದಲ್ಲಿ ನಡೆಯುತ್ತೇನೆ, ಮೊದಲು ಜನ ಕಡಿಮೆಯಿರುವ ಹೊತ್ತಿನಲ್ಲಿ, ಈಗೀಗ ಮಕ್ಕಳು ಅಡ್ಡಾದಿಡ್ಡಿ ಓಡುವ ಹೊತ್ತಿನಲ್ಲಿಯೂ. ಸಂತೆಗೆ ಹೋಗುವುದು ಇನ್ನೂ ಕಷ್ಟ. ಇಷ್ಟೆಲ್ಲ ಮಾಡಿದ ಮೇಲೆ ತೂಗಾಟ ನಿಜವಾಗಿಯೂ ಕಡಿಮೆಯಾಗಿದೆ. ತಲೆಯ ಭಾರ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ತನ್ನಿಷ್ಟಕ್ಕೆ ಬರುತ್ತದೆ, ಹೋಗುತ್ತದೆ.

ನೋಡುವುದಕ್ಕೆ ಚೆನ್ನಾಗಿಯೇ ಇದ್ದೀರಲ್ಲ ಎಂಬ ಮಾತು ಹಿಂದೆ ಚುಚ್ಚುತ್ತಿತ್ತು. ಈಗ ಕಚೇರಿಯಲ್ಲಿ ನೇರವಾಗಿ ಹೇಳಿಬಿಟ್ಟಿದ್ದೇನೆ: ಪಟ್ಟಿಯ ಬಳಿ ನಿಂತು ಎಣಿಕೆ ಮಾಡಲು ನನ್ನಿಂದಾಗದು, ಉಳಿದದ್ದೆಲ್ಲ ಆಗುತ್ತದೆ. ಕಾಯಿಲೆಗೆ ಹೆಸರು ಕೇಳುವವರೂ ಆಗದ ಒಂದು ಕೆಲಸವನ್ನು ಸ್ಪಷ್ಟವಾಗಿ ಹೇಳಿದರೆ ಸುಮ್ಮನೆ ಒಪ್ಪಿಕೊಳ್ಳುತ್ತಾರೆಂಬುದು ನನಗೆ ಅನಿರೀಕ್ಷಿತವಾಗಿತ್ತು.

ಮನೆಯಲ್ಲಿ ಸದ್ಯದ ಚರ್ಚೆ ಇನ್ನೊಂದು ಎಂಆರ್‌ಐ ಬಗ್ಗೆ. ಬೆಂಗಳೂರಿನ ದೊಡ್ಡ ಯಂತ್ರದಲ್ಲಿ ಮತ್ತೊಮ್ಮೆ ಮಾಡಿಸೋಣ ಎಂದು ಅಣ್ಣ ಪಟ್ಟು ಹಿಡಿದಿದ್ದಾನೆ. ಲಕ್ಷಣಗಳ ಸ್ವರೂಪ ಬದಲಾಗದೆ ಮತ್ತೆ ಚಿತ್ರ ತೆಗೆಸುವ ಅಗತ್ಯವಿಲ್ಲ ಎಂಬುದು ತಜ್ಞರ ಅಭಿಪ್ರಾಯ. ಸಿಡಿಲು ಹೊಡೆದಂತೆ ಒಮ್ಮೆಲೇ ಬರುವ ತೀವ್ರ ತಲೆನೋವು, ಒಂದು ಬದಿಯ ಕೈಕಾಲಿನ ನಿಶ್ಶಕ್ತಿ, ಮಾತು ತೊದಲುವುದು, ಎರಡೆರಡು ಕಾಣುವುದು, ಪ್ರಜ್ಞೆ ತಪ್ಪುವುದು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ಬರಬೇಕೆಂದು ಅವರು ಬರೆದುಕೊಟ್ಟಿದ್ದಾರೆ. ಆ ಚೀಟಿಯ ಒಂದು ಪ್ರತಿ ಅಣ್ಣನ ಬಳಿಯೂ ಇದೆ. ಅವನಿಗೆ ಅದು ಸಮಾಧಾನ ತಂದಿಲ್ಲ, ಪ್ರತಿ ಭಾನುವಾರ ಫೋನ್ ಮಾಡಿ ಎಂಆರ್‌ಐ ವಿಷಯವನ್ನೇ ಎತ್ತುತ್ತಾನೆ. ನಾನು ಒಪ್ಪಿಲ್ಲ, ಮುಂದಿನ ತಪಾಸಣೆಗೆ ಅವನನ್ನೇ ಜೊತೆಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ.