ಸುಟ್ಟ ಮೋಟಾರು ಬಿಚ್ಚಿ ನೋಡಿದ ಮೇಲೆ

ಬೆಳಗಾವಿಯಲ್ಲಿ ಪಂಪ್‌ಸೆಟ್ ಮೋಟಾರು ಸುಡದಂತೆ ಕಾಯುವ ರಿಲೇ, ಅಂದರೆ ಕರೆಂಟಿನಲ್ಲಿ ತೊಂದರೆ ಕಂಡರೆ ಮೋಟಾರು ನಿಲ್ಲಿಸುವ ಡಬ್ಬಿ, ಡಿಸೈನ್ ಮಾಡುವುದು ನನ್ನ ಕೆಲಸ. 26 ವರ್ಷ ಆಯಿತು. ಆರ್ ಅಂಡ್ ಡಿ ಅಂದರೆ ಏಸಿ ರೂಮು, ಆಸಿಲೋಸ್ಕೋಪು ಅಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಈ ಕೆಲಸ ಕಲಿಸಿದ್ದು ಮುಧೋಳದ ಒಂದು ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಜಾಗ.

ಮೂರು ತಂತಿಯಲ್ಲಿ ಕರೆಂಟು ಬರುವ ಥ್ರೀ ಫೇಸ್ ಮೋಟಾರು ಓಡುತ್ತಿರುವಾಗ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಒಂದು ಫ್ಯೂಸ್ ಹೋಯಿತು ಅಂದುಕೊಳ್ಳಿ. ಮೋಟಾರು ನಿಲ್ಲುವುದಿಲ್ಲ. ಗುಂಯ್ ಅನ್ನುತ್ತಾ ಎರಡೇ ಫೇಸಿನಲ್ಲಿ ಓಡುತ್ತದೆ, ಪೂರ್ತಿ ಲೋಡು ಇದ್ದರೆ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ, ಸ್ವಲ್ಪ ಹೊತ್ತಿಗೆ ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಸುಡುತ್ತದೆ. ಸುರುಳಿಗಳನ್ನು ಸ್ಟಾರ್, ಡೆಲ್ಟಾ ಅಂತ ಎರಡು ಬಗೆಯಲ್ಲಿ ಜೋಡಿಸುತ್ತಾರೆ. ಸ್ಟಾರ್ ಮೋಟಾರು ಬಿಚ್ಚಿದರೆ ಎರಡು ಫೇಸಿನ ಸುರುಳಿ ಕರ್ರಗೆ, ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಆ ಅಂಗಡಿಯಲ್ಲಿ ಅಂಥವು ಸಾಲಾಗಿ ಬಿದ್ದಿದ್ದವು. ಕೆಲವಕ್ಕೆ ನಾವು ಕೊಟ್ಟ ರಿಲೇನೇ ಇತ್ತು!

ನಮ್ಮ ಮೊದಲ ಡಬ್ಬಿ ವೋಲ್ಟೇಜ್ ನೋಡುತ್ತಿತ್ತು. ಆದರೆ ತಿರುಗುತ್ತಿರುವ ಮೋಟಾರು ಹೋದ ಫೇಸಿನಲ್ಲೂ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ರಿಲೇ ಎಲ್ಲಾ ಸರಿ ಇದೆ ಅಂತ ಸುಮ್ನೆ ಕೂರುತ್ತದೆ. ಹಾಗಾಗಿ ಕರೆಂಟು ನೋಡುವ ಡಬ್ಬಿ ಮಾಡಿದೆವು. ಅದನ್ನು ರೈತರು ವೈರ್ ಹಾಕಿ ಬೈಪಾಸ್ ಮಾಡಿಬಿಟ್ಟರು. ಒಬ್ಬ ಕಾಕಾ ನೇರವಾಗಿ ಹೇಳಿದರು: "ತಮ್ಮಾ, ನಿನ್ನ ಡಬ್ಬಿ ಮೋಟಾರ ಉಳಸ್ತೈತಿ ಖರೆ, ಆದ್ರ ನನ್ನ ಕಬ್ಬ ಒಣಗಸ್ತೈತಿ."

ಆ ಮಾತು ಇವತ್ತಿಗೂ ಚುಚ್ಚುತ್ತದೆ. ರಾತ್ರಿ ಅವರ ಹೊಲಕ್ಕೆ ಹೋದೆ. ಲೈನಿನ ಕೊನೆಯ ಪಂಪು. ನಮ್ಮ ಲ್ಯಾಬಿನಲ್ಲಿ ಮೂರೂ ಫೇಸು ಚೊಕ್ಕ 415 ವೋಲ್ಟ್, ಇಲ್ಲಿ 340ರ ಆಸುಪಾಸು, ಮೂರೂ ಬೇರೆ ಬೇರೆ. ಫೇಸುಗಳ ನಡುವೆ ವೋಲ್ಟೇಜ್ 1 ಶೇಕಡಾ ಹೆಚ್ಚುಕಮ್ಮಿಯಾದರೆ ಕರೆಂಟು 6ರಿಂದ 10 ಶೇಕಡಾ ಹೆಚ್ಚುಕಮ್ಮಿ ಆಗುತ್ತದೆ. ಕರೆಂಟಿನ ವ್ಯತ್ಯಾಸಕ್ಕೆ ನಾವು ರಿಲೇಯಲ್ಲಿ ಇಟ್ಟ ಮಿತಿ ಅಲ್ಲಿ ಹೇಗೆ ನಿಲ್ಲಬೇಕು? ಫೇಸು ಹೋಗದಿದ್ದರೂ ಪಂಪು ಟ್ರಿಪ್ ಆಗಿ ನಿಲ್ಲುತ್ತಿತ್ತು, ರಾತ್ರಿ ಕೊಡುವ ನಾಲ್ಕು ತಾಸು ಕರೆಂಟು ಹಾಗೇ ಹೋಗುತ್ತಿತ್ತು.

ಮೂರನೇ ಡಿಸೈನಿಗೆ ಎಂಟು ತಿಂಗಳು ಹಿಡಿಯಿತು. ವೈಂಡಿಂಗಿನ ಬಿಸಿಯನ್ನು ರಿಲೇ ಲೆಕ್ಕ ಹಾಕುತ್ತದೆ, ಸಣ್ಣ ವ್ಯತ್ಯಾಸಕ್ಕೆ ತಾಳಿಕೊಳ್ಳುತ್ತದೆ, ಫೇಸು ಪೂರ್ತಿ ಹೋದರೆ ಮಾತ್ರ ಕೆಲವೇ ಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಕಾಕಾ ಅದನ್ನು ಬೈಪಾಸ್ ಮಾಡಲಿಲ್ಲ. ನನಗೆ ಸಿಕ್ಕ ಯಾವ ಪ್ರಮೋಷನ್ನೂ ಅಷ್ಟು ಖುಷಿ ಕೊಟ್ಟಿಲ್ಲ.

ಆಮೇಲೆ ಎರಡು ಸಲ ಮ್ಯಾನೇಜರ್ ಆಗು ಅಂದರು. ಬೇಡ ಅಂದೆ. ಸಂಬಳ ಜಾಸ್ತಿ ಸಿಗುತ್ತಿತ್ತು ನಿಜ, ಲ್ಯಾಬಿನ ಬೆಂಚು ಕೈತಪ್ಪುತ್ತಿತ್ತು.

ಈಗ ಹೊಸದಾಗಿ ಬಂದವರನ್ನು ಮೊದಲ ವಾರವೇ ಆ ಅಂಗಡಿಗೆ ಕಳಿಸುತ್ತೇನೆ. ಹೋದ ತಿಂಗಳು ವಿಜಯಪುರದ ಹುಡುಗಿಯೊಬ್ಬಳು ಸುಟ್ಟ ಸುರುಳಿಯ ತುಂಡು ತಂದು ನನ್ನ ಟೇಬಲ್ ಮೇಲಿಟ್ಟಳು. "ಸರ್, ಇದು ಡೆಲ್ಟಾ ಮೋಟಾರು, ಒಂದೇ ಫೇಸು ಸುಟ್ಟಿದೆ. ಲೈನಿನಲ್ಲಿ 1.7 ಪಟ್ಟು ಕಂಡರೆ ಈ ಸುರುಳಿಯಲ್ಲಿ 2 ಪಟ್ಟು ಹರಿದಿರುತ್ತದೆ ಅಲ್ವಾ? ನಮ್ಮ ಬಿಸಿಯ ಲೆಕ್ಕದಲ್ಲಿ ಅದು ಎಲ್ಲಿದೆ?" ಇಬ್ಬರೂ ಬೋರ್ಡಿನ ಮುಂದೆ ಏಳೂವರೆಯವರೆಗೂ ನಿಂತಿದ್ದೆವು.