ಅಳತೆ ತಪ್ಪಿಸಿಕೊಂಡ ಗಾಳಿ: ಹಳೆಯ ಸ್ಪೋರ್ಟ್ಸ್ ಕಾರಿನ ಇನ್‌ಟೇಕ್ ಹೋಸ್‌ಗಳನ್ನು ಬದಲಿಸಿದ್ದು

ನನ್ನ 1990ರ ಮಾಜ್ಡಾ ಎಂಎಕ್ಸ್-5 ಕೆಲವು ತಿಂಗಳಿಂದ ನಿಂತಲ್ಲೇ ನಡುಗುತ್ತಿತ್ತು. ನಿಮಿಷಕ್ಕೆ 850 ಸುತ್ತಿನ ಆಸುಪಾಸಿನಲ್ಲಿರಬೇಕಾದ ಐಡ್ಲಿಂಗ್ ಏರಿಳಿಯುತ್ತಿತ್ತು. ಹೊರಡಲೆಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಒಮ್ಮೆ ಉಸಿರು ಕಟ್ಟಿದಂತಾಗಿ, ಆಮೇಲೆ ಎಳೆಯುತ್ತಿತ್ತು. ಪ್ಲಗ್‌ಗಳನ್ನು ಬಿಚ್ಚಿ ನೋಡಿದಾಗ ತುದಿಗಳು ಬಿಳುಚಿಕೊಂಡಿದ್ದವು. ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲವೆಂಬುದು ಅದರ ಸೂಚನೆ. ಪ್ಲಗ್‌, ವೈರ್‌ ಮತ್ತು ಪೆಟ್ರೋಲ್ ಫಿಲ್ಟರ್ ಬದಲಿಸಿದರೂ ಗುಣ ಕಾಣಲಿಲ್ಲ. ಕೊನೆಗೆ ನನ್ನ ಗಮನ ಗಾಳಿಯ ದಾರಿಯ ಕಡೆಗೆ ತಿರುಗಿತು, ಮೊದಲೇ ತಿರುಗಬೇಕಿತ್ತು.

ಈ ಕಾರಿನ 1.6 ಲೀಟರ್ ಎಂಜಿನ್‌ನಲ್ಲಿ ಏರ್ ಫಿಲ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ಏರ್ ಫ್ಲೋ ಮೀಟರ್ ಇದೆ. ಅದರೊಳಗೆ ಸ್ಪ್ರಿಂಗ್ ಬಿಗಿತದ ಒಂದು ಸಣ್ಣ ಬಾಗಿಲಿದ್ದು, ಒಳನುಗ್ಗುವ ಗಾಳಿ ಅದನ್ನು ಎಷ್ಟು ತಳ್ಳುತ್ತದೆಯೋ ಅದರ ಲೆಕ್ಕದಲ್ಲಿ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಮೀಟರ್ ದಾಟಿದ ಮೇಲೆ, ಅಲ್ಲಿಂದ ಎಂಜಿನ್ನಿನ ಕಡೆಗೆ ಗಾಳಿ ಒಯ್ಯುವ ಇನ್‌ಟೇಕ್ ಹೋಸ್ ಸೀಳಿದ್ದರೆ, ಆ ಸೀಳಿನಿಂದ ಸೇರುವ ಗಾಳಿ ಬಾಗಿಲನ್ನು ಮುಟ್ಟದೆಯೇ ಒಳಗೆ ಹೋಗುತ್ತದೆ; ಅದು ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ತಕ್ಕ ಪೆಟ್ರೋಲೂ ಬರುವುದಿಲ್ಲ. ಮೀಟರಿನೊಳಗೆ ಪೆಟ್ರೋಲ್ ಪಂಪಿನ ಸ್ವಿಚ್ ಕೂಡ ಇರುವುದರಿಂದ, ಹೋಸ್ ಪೂರ್ತಿ ಕಳಚಿಕೊಂಡರೆ ಬಾಗಿಲು ತೆರೆಯದೆ ಪಂಪ್ ನಿಲ್ಲುತ್ತದೆ, ಎಂಜಿನ್ ಸ್ಟಾರ್ಟ್ ಆದ ಮರುಕ್ಷಣವೇ ಆರಿಹೋಗುತ್ತದೆ.

ಬಿರುಕನ್ನು ಹುಡುಕುವುದರಲ್ಲಿ ನಾನು ಬಹಳ ಸಮಯ ಕಳೆದೆ, ಮತ್ತು ಅದಕ್ಕೊಂದು ಕಾರಣವಿತ್ತು. ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕವಾಟ, ಅದನ್ನು ದಾಟಿದ ನಂತರದ ಭಾಗದಲ್ಲಿ ಐಡ್ಲಿಂಗ್ ವೇಳೆ ಬಲವಾದ ನಿರ್ವಾತವಿರುತ್ತದೆ, ಅಲ್ಲಿ ಸೋರಿಕೆಯಿದ್ದರೆ ಸುಯ್ಯೆಂಬ ಸದ್ದೇ ಅದನ್ನು ತೋರಿಸಿಕೊಡುತ್ತದೆ. ಮೀಟರಿಗೂ ಥ್ರಾಟಲಿಗೂ ನಡುವೆ ಮಾತ್ರ ಒಳಗಿನ ಒತ್ತಡವು ಹೊರಗಿನ ಒತ್ತಡಕ್ಕಿಂತ ಅಲ್ಪವೇ ಕಡಿಮೆ, ಆದ್ದರಿಂದ ಸದ್ದಿಲ್ಲ. ಚಾಲನೆಯಲ್ಲಿರುವ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ನೋಡುವ ಪದ್ಧತಿಯೊಂದಿದೆ. ಬಿಸಿ ಎಕ್ಸಾಸ್ಟ್ ಬಳಿ ಅದು ಬೆಂಕಿಗೆ ದಾರಿ, ಹಾಗೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಗೆ ತುಂಬಿಸಿ ಪರೀಕ್ಷಿಸುವ ಯಂತ್ರ ಸಿಕ್ಕರೆ ಒಳ್ಳೆಯದು. ನನಗೆ ಕೈಯೇ ಸಾಕಾಯಿತು. ಹೋಸನ್ನು ಬಿಚ್ಚಿ, ಅದರ ಅಕಾರ್ಡಿಯನ್‌ನಂಥ ಮಡಿಕೆಗಳನ್ನು ಒಂದೊಂದಾಗಿ ಹಿಗ್ಗಿಸಿ ಬೆಳಕಿಗೆ ಹಿಡಿದಾಗ, ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ರಬ್ಬರಿನ ಅಡಿಭಾಗದಲ್ಲಿ, ಒಂದು ಮಡಿಕೆಯ ತಳದುದ್ದಕ್ಕೂ ಬೆರಳಿನಷ್ಟು ಉದ್ದದ ಸೀಳು ಬಾಯ್ದೆರೆಯಿತು. ಎಂಜಿನ್ ತನ್ನ ಮೌಂಟಿಂಗ್‌ಗಳ ಮೇಲೆ ಅಲುಗಾಡುತ್ತದೆ, ಫಿಲ್ಟರ್ ಪೆಟ್ಟಿಗೆ ಕಾರಿನ ಒಡಲಿಗೆ ಬಿಗಿದು ನಿಂತಿರುತ್ತದೆ. ಇವೆರಡರ ನಡುವೆ ಸಿಕ್ಕ ರಬ್ಬರ್ ಪ್ರತಿ ಸಲವೂ ಬಾಗಿ ಹಿಗ್ಗುತ್ತದೆ. ಹೊರಡುವಾಗಲೇ ಎಂಜಿನ್ ಮುಗ್ಗರಿಸುತ್ತಿದ್ದುದು ಏಕೆಂದು ಆಗ ಅರ್ಥವಾಯಿತು: ಎಳೆತ ಬಿದ್ದ ಕ್ಷಣದಲ್ಲಿ ಎಂಜಿನ್ ವಾಲಿ, ಸೀಳು ಅಗಲವಾಗುತ್ತಿತ್ತು.

ಮೂರು ದಶಕ ಶಾಖವನ್ನೂ ಗಾಳಿಯ ಓಝೋನನ್ನೂ ಸಹಿಸಿದ ರಬ್ಬರ್ ಹೀಗಾಗುವುದು ಸಹಜ. ಎಳೆತಕ್ಕೊಳಗಾದ ರಬ್ಬರಿನ ಮೇಲೆ ಓಝೋನ್ ದಾಳಿ ಮಾಡಿದಾಗ, ಎಳೆತದ ದಿಕ್ಕಿಗೆ ಅಡ್ಡಲಾಗಿ ಬಿರುಕು ಮೂಡುತ್ತದೆ. ಟೇಪ್ ಸುತ್ತಿ ಕೆಲಸ ಮುಗಿಸಬಹುದೆಂಬ ಆಸೆ ಬರುತ್ತದೆ, ಆದರೆ ಬ್ರೀದರ್ ಹೋಸಿನಿಂದ (ಎಂಜಿನ್ನಿನೊಳಗಿನ ಆವಿಯನ್ನು ಗಾಳಿಯ ದಾರಿಗೆ ಬಿಡುವ ಸಣ್ಣ ಹೋಸ್) ಬರುವ ಎಣ್ಣೆಯ ಆವಿ ಒಳಮೈಗೆ ಹಿಡಿದಿರುವುದರಿಂದ ಅಂಟು ನಿಲ್ಲುವುದಿಲ್ಲ. ಮನೆಗೆ ಮುಟ್ಟಿಸುವ ತಾತ್ಕಾಲಿಕ ಉಪಾಯವಾಗಿ ಮಾತ್ರ ಅದು ಸರಿ.

ಹೊಸ ಹೋಸ್ ಯಾವುದರದ್ದೆಂಬುದು ನೋಟಕ್ಕಿಂತ ಮುಖ್ಯ. ಇಪಿಡಿಎಂ ರಬ್ಬರ್ ಶಾಖವನ್ನೂ ಓಝೋನನ್ನೂ ಚೆನ್ನಾಗಿ ತಡೆಯುತ್ತದೆ, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರ್ ಎಣ್ಣೆಗೆ ಹೆದರುವುದಿಲ್ಲ, ಓಝೋನಿಗೆ ಸೋಲುತ್ತದೆ. ಬಣ್ಣಬಣ್ಣದ ಸಿಲಿಕೋನ್ ಹೋಸ್‌ಗಳು ಶಾಖಕ್ಕೆ ಅತ್ಯುತ್ತಮ, ಆದರೆ ಎಣ್ಣೆ ಮತ್ತು ಪೆಟ್ರೋಲ್ ಆವಿ ಇರುವ ಕಡೆ ಫ್ಲೂರೋಸಿಲಿಕೋನ್ ಒಳಪದರ ಇಲ್ಲದಿದ್ದರೆ ಅವು ಬಾಳುವುದಿಲ್ಲ. ನಾನು ದೊಡ್ಡ ಹೋಸ್‌ಗಳನ್ನು ಮೂಲ ಆಕಾರದ ರಬ್ಬರಿನಲ್ಲೇ ತರಿಸಿ, ಬ್ರೀದರಿಗೆ ಎಣ್ಣೆ ತಡೆಯುವ ಹೋಸನ್ನೂ ಪೆಟ್ರೋಲ್ ಆವಿಯ ದಾರಿಗೆ ಪೆಟ್ರೋಲಿಗೆಂದೇ ತಯಾರಾದದ್ದನ್ನೂ ಆರಿಸಿಕೊಂಡೆ. ಎಲ್ಲವೂ ಒಂದೇ ವಯಸ್ಸಿನವು. ದೊಡ್ಡದನ್ನು ಮಾತ್ರ ಬದಲಿಸಿ ಸಣ್ಣವನ್ನು ಬಿಟ್ಟರೆ ಇನ್ನೊಂದು ವರ್ಷಕ್ಕೆ ಮತ್ತೆ ಇದೇ ಕೆಲಸ.

ಬಿಚ್ಚುವಾಗ ಅವಸರ ಸಲ್ಲದು. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ಪ್ರತಿ ಜೋಡಣೆಯ ಫೋಟೋ ತೆಗೆದುಕೊಂಡೆ. ಹೋಸ್ ಸಿಕ್ಕಿಸುವ ಹಳೆಯ ಪ್ಲಾಸ್ಟಿಕ್ ಮೂತಿಗಳು ಬಿಸ್ಕತ್ತಿನಷ್ಟು ಪೆಡಸಾಗಿರುತ್ತವೆ, ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುತ್ತವೆ. ಹೋಸನ್ನು ಮೊದಲು ತಿರುಚಿ ಸಡಿಲಿಸಬೇಕು. ಬಿಡದಿದ್ದರೆ ಉದ್ದಕ್ಕೆ ಸೀಳಿ ಸುಲಿಯಬೇಕು, ಬ್ಲೇಡ್ ಮೂತಿಗೆ ಗೀರು ಹಾಕದಂತೆ, ಏಕೆಂದರೆ ಆ ಗೀರೇ ನಾಳೆ ಸೋರುವ ದಾರಿ. ತೆರೆದ ಥ್ರಾಟಲ್ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿಡುವುದನ್ನು ಮರೆಯಬಾರದು, ಒಂದು ಸ್ಕ್ರೂ ಒಳಗೆ ಬಿದ್ದರೆ ಎಂಜಿನ್ ಬಿಚ್ಚಬೇಕಾದೀತು.

ಜೋಡಿಸುವಾಗ ಗ್ರೀಸ್ ಬಳಸಲಿಲ್ಲ, ಅದು ಈ ರಬ್ಬರನ್ನು ಉಬ್ಬಿಸುತ್ತದೆ. ಸೋಪಿನ ನೀರು ಸವರಿದರೆ ಹೋಸ್ ಸರಾಗವಾಗಿ ಕೂರುತ್ತದೆ, ನೀರು ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ಹೋಸನ್ನು ಸುತ್ತಿ ಬಿಗಿಯುವ ಕ್ಲಾಂಪ್, ಮೂತಿಯ ಉಬ್ಬಿನ ಹಿಂಭಾಗದಲ್ಲಿ ನೇರವಾಗಿ ಕೂತಿರಬೇಕು, ರಬ್ಬರ್ ಅಂಚಿನಲ್ಲಿ ಉಬ್ಬಲು ತೊಡಗಿದೊಡನೆ ಬಿಗಿಯುವುದನ್ನು ನಿಲ್ಲಿಸಬೇಕು.

ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ 1,100ರಲ್ಲಿ ನಿಂತಿತು. ಮಿಶ್ರಣ ತೆಳುವಾಗಿ ಎಂಜಿನ್ ಸೊರಗುತ್ತಿದ್ದಾಗ, ಅದನ್ನು ಮುಚ್ಚಿಡಲು ಹಿಂದೆ ಯಾರೋ ಥ್ರಾಟಲ್ ಬಾಡಿಯ ಗಾಳಿ ಸ್ಕ್ರೂವನ್ನು ತೆರೆದಿದ್ದಿರಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ (ಎಂಜಿನ್ ಪರೀಕ್ಷೆಗೆಂದಿರುವ ವೈರಿಂಗ್ ಪೆಟ್ಟಿಗೆ) ಟಿಇಎನ್ ಮತ್ತು ಜಿಎನ್‌ಡಿ ಎಂದು ಗುರುತಿಸಿದ ಕಿಂಡಿಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಕಂಪ್ಯೂಟರ್ ಐಡ್ಲಿಂಗನ್ನು ತಾನೇ ತಿದ್ದದಂತೆ ಮಾಡಿ, ಆ ಸ್ಕ್ರೂವನ್ನು ನಿಧಾನವಾಗಿ ಒಳಗೆ ತಿರುಗಿಸಿ 850ಕ್ಕೆ ಇಳಿಸಿದೆ. ವೈರ್ ತೆಗೆದ ಮೇಲೂ ಸುತ್ತು ತೋರಿಸುವ ಮುಳ್ಳು ಅಲ್ಲೇ ನಿಂತಿತು. ಎರಡು ವಾರ ಓಡಿಸಿದ ನಂತರ ಕ್ಲಾಂಪ್‌ಗಳನ್ನು ಮತ್ತೆ ನೋಡಿದಾಗ, ಥ್ರಾಟಲ್ ಬದಿಯ ಒಂದಕ್ಕೆ ಮಾತ್ರ ಕಾಲು ಸುತ್ತು ಬೇಕಾಯಿತು.